ಜಟ್ಟಿಂಗಪ್ಪನ ಎಡಗೆನ್ನೆ

ಕವಲೇದುರ್ಗದ ಕೋಟೆ ಕಟ್ಟಿಸಿದ ಅರಸರು ಈಗಿಲ್ಲ. ಕೋಟೆಯ ಬಾಗಿಲುಗಳಿಗೆ ಕದವಿಲ್ಲ, ಬುರುಜುಗಳ ಮೇಲೆ ತೋಪುಗಳಿಲ್ಲ, ಅರಮನೆಯ ಅಡಿಗೆಮನೆಯಿದ್ದ ಜಾಗದಲ್ಲಿ ಹಾವುರಾಣಿಗಳು ಬಿಸಿಲು ಕಾಯಿಸುತ್ತವೆ. ಇಷ್ಟೆಲ್ಲ ಬಿದ್ದುಹೋದ ಮೇಲೂ ಆ ಸೀಮೆಯಲ್ಲಿ ಯಾರಿಗೂ ಶರಣಾಗದೆ ಉಳಿದ ಒಂದೇ ಒಂದು ಬುರುಜು ಇತ್ತು. ಅದು ಗುಡ್ಡದ ಬುಡದ ಬಸರಿಕೊಪ್ಪದ ಗೇಣಿ ರೈತ ಜಟ್ಟಿಂಗಪ್ಪನ ಎಡಗೆನ್ನೆ.

ಆ ಕೆನ್ನೆಯಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಉಬ್ಬು. ಬೆಳಿಗ್ಗೆ ಗದ್ದೆಗಿಳಿಯುವಾಗ ಇದ್ದದ್ದು ಸಂಜೆ ಎತ್ತು ಕಟ್ಟುವಾಗಲೂ ಅಲ್ಲೇ ಇರುತ್ತಿತ್ತು. ಅದು ಹೊಗೆಸೊಪ್ಪಿನ ಉಂಡೆ ಎಂಬುದು ತೊಟ್ಟಿಲಲ್ಲಿದ್ದ ಕೂಸಿಗೂ ಗೊತ್ತಿತ್ತು. ಹೊಗೆಸೊಪ್ಪು ಹಾಕುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವರೆಲ್ಲ ಉಗುಳುತ್ತಾರೆ. ಗೋಡೆಗೆ ಉಗುಳುತ್ತಾರೆ, ಬೇಲಿಗೆ ಉಗುಳುತ್ತಾರೆ, ಬಸ್ಸಿನ ಕಿಟಕಿಯಿಂದ ಹಿಂದಿನ ಕಿಟಕಿಯವನ ಅಂಗಿಗೆ ಉಗುಳುತ್ತಾರೆ. ಜಟ್ಟಿಂಗಪ್ಪ ಉಗುಳಿದ್ದನ್ನು ಕಂಡವರಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಇಲ್ಲ. ಹುಂಚದ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕದ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟು ನಡುವೆ ಕೂರುತ್ತಿದ್ದ. ಕಂಡಕ್ಟರನು ಅವನಿಗೆ ಟಿಕೆಟ್ ಹರಿಯುವಾಗ ತುಸು ಬಾಗುತ್ತಿದ್ದನೆಂದು ಹೇಳುವವರುಂಟು.

ಹಾಗಾದರೆ ರಸವೆಲ್ಲ ಎಲ್ಲಿ ಹೋಗುತ್ತಿತ್ತು? ನುಂಗುತ್ತಿದ್ದ! ಇದರ ಅರ್ಥವೇನೆಂದು ಹೊಗೆಸೊಪ್ಪು ಬಲ್ಲವರಿಗೇ ಗೊತ್ತು. ಒಂದು ಗುಟುಕಿಗೆ ಪೈಲ್ವಾನನೂ ಮಕಾಡೆ ಮಲಗುತ್ತಾನೆ. ಜಟ್ಟಿಂಗಪ್ಪ ದಿನಕ್ಕೊಂದು ತಂಬಿಗೆ ನುಂಗುತ್ತಾನೆಂದು ಬಸರಿಕೊಪ್ಪದವರು ಹೇಳುತ್ತಿದ್ದರು. ತೀರ್ಥಹಳ್ಳಿಯ ಸಂತೆಗೆ ಮುಟ್ಟುವಾಗ ಅದು ಒಂದು ಕೊಡವಾಗುತ್ತಿತ್ತು. ಅವನ ಹಲ್ಲುಗಳು ಬೆಳ್ಳಗಿದ್ದವಲ್ಲ ಎಂದು ಯಾರಾದರೂ ಕೇಳಿದರೆ, ಆ ಖಾರಕ್ಕೆ ಹಲ್ಲಿನ ಕೊಳೆ ಹೆದರಿ ಓಡಿದೆ ಎಂಬ ಉತ್ತರ ಸಿದ್ಧವಿತ್ತು. ಎಲೆಯಡಿಕೆಯನ್ನು ಅವನು ಮುಟ್ಟುತ್ತಿರಲಿಲ್ಲ. ಅದು ಮಕ್ಕಳಾಟ ಅಂತೆ. ಹಾಗೆಂದು ಅವನು ಹೇಳಿದ್ದಲ್ಲ, ಅವನ ಪರವಾಗಿ ಊರು ಹೇಳಿದ್ದು. ಜಟ್ಟಿಂಗಪ್ಪ ಮಾತು ಕಡಿಮೆಯ ಮನುಷ್ಯ. ಕೆನ್ನೆ ತುಂಬಿದವನು ಹೇಗೆ ತಾನೇ ಮಾತಾಡಬೇಕು?

ಈ ಕೀರ್ತಿಯನ್ನು ಕೇಳಿ ಕೇಳಿ ಒಳಗೊಳಗೇ ಬೆಂದುಹೋದ ಒಬ್ಬ ಮನುಷ್ಯ ಅದೇ ಊರಿನಲ್ಲಿದ್ದ. ಅವನು ಬೆಳ್ಳಪ್ಪ, ಜಟ್ಟಿಂಗಪ್ಪನ ತಂಗಿ ದುಗ್ಗಮ್ಮನ ಗಂಡ.

ಬೆಳ್ಳಪ್ಪನ ಹೊಟ್ಟೆಕಿಚ್ಚಿಗೆ ಹುಟ್ಟಿದ ದಿನ, ಗಳಿಗೆ ಎಲ್ಲ ಇತ್ತು. ಅದು ಹುಟ್ಟಿದ್ದು ಅವನ ಮದುವೆಯ ಚಪ್ಪರದಲ್ಲೇ. ಬಾಸಿಂಗ ಕಟ್ಟಿಕೊಂಡು, ಹೊಸ ಪಂಚೆಯುಟ್ಟು, ಜೀವನದಲ್ಲಿ ಒಂದೇ ಒಂದು ದಿನ ಎಲ್ಲರೂ ತನ್ನನ್ನೇ ನೋಡಬೇಕಾದ ದಿನ ಅವನು ಹಸೆಯ ಮೇಲೆ ಕೂತಿದ್ದರೆ, ಬಂದ ನೆಂಟರೆಲ್ಲ ಕಂಬಕ್ಕೊರಗಿ ನಿಂತ ಹೆಣ್ಣಿನ ಅಣ್ಣನ ಕಡೆ ಕತ್ತು ತಿರುಗಿಸಿದ್ದರು.

“ನೋಡಾ, ಊಟಕ್ಕೂ ಮುಂಚೆ ಹಾಕಿದ್ದು. ಇನ್ನೂ ಹಂಗೇ ಐತೆ.”

“ಉಗುಳ್ದನಾ?”

“ಎಲ್ಲಿ ಉಗುಳ್ತಾನೆ ಮಾರಾಯ, ನುಂಗ್ದ!”

ಧಾರೆಯ ನೀರು ಬಿದ್ದದ್ದನ್ನು ಆ ಸಾಲಿನಲ್ಲಿ ಯಾರೂ ನೋಡಲಿಲ್ಲ. ಬೆಳ್ಳಪ್ಪ ನೋಡಿದ, ನೋಡುವವರಿಲ್ಲ ಎಂಬುದನ್ನು.

ಆಮೇಲಿನ ಸಂಸಾರದಲ್ಲಿ ಆ ಕಿಚ್ಚಿಗೆ ತುಪ್ಪ ಹೊಯ್ಯುವ ಕೆಲಸವನ್ನು ದುಗ್ಗಮ್ಮ ಏನೂ ಅರಿಯದೆ ಮಾಡಿದಳು. ಬೆಳ್ಳಪ್ಪ ಒಂದು ಹೊರೆ ಹುಲ್ಲು ತಂದರೆ “ನಮ್ಮಣ್ಣ ಎರಡು ತರ್ತಿದ್ದ” ಅನ್ನುವಳು. ಅವನಿಗೆ ನೆಗಡಿಯಾದರೆ “ನಮ್ಮಣ್ಣಂಗೆ ಒಂದು ದಿನಾನೂ ನೆಗಡಿ ಆಗ್ಲಿಲ್ಲ, ಆ ಹೊಗೆಸೊಪ್ಪಿನ ಗುಣ” ಅನ್ನುವಳು.

ಕೊನೆಗೊಂದು ದಿನ ಬೆಳ್ಳಪ್ಪನೂ ರಣರಂಗಕ್ಕಿಳಿದ. ಗದ್ದೆಯ ಬದುವಿನ ಮೇಲೆ ನಿಂತು, ಸುತ್ತ ಆರೆಂಟು ಜನ ಇದ್ದಾರೆಂದು ಖಾತ್ರಿ ಮಾಡಿಕೊಂಡು, ಒಂದು ದೊಡ್ಡ ಉಂಡೆಯನ್ನು ದವಡೆಗಿಟ್ಟು, ಕಣ್ಣು ಮುಚ್ಚಿ, ಮೊದಲ ಗುಟುಕನ್ನು ನುಂಗಿದ. ಎರಡನೆಯದನ್ನೂ ನುಂಗಿದ. ಮೂರನೆಯದು ಒಳಗೆ ಹೋಗುವ ಹೊತ್ತಿಗೆ ಕವಲೇದುರ್ಗದ ಗುಡ್ಡವೇ ಮೂರು ಸುತ್ತು ತಿರುಗಿ ಅವನ ಮೇಲೆ ಮಗುಚಿತು. ಕಾಲುವೆಯಿಂದ ಅವನನ್ನು ಎತ್ತಿದವರು ಇಬ್ಬರು. ಎತ್ತಿದವರ ಮೇಲೂ ಅವನು ವಾಂತಿ ಮಾಡಿದ್ದ. ಹಾವು ಅಡ್ಡ ಬಂದದ್ದರಿಂದ ಕಾಲು ಜಾರಿತು ಎಂದು ಆಮೇಲೆ ಹೇಳಿದ. ಹಾವನ್ನು ಯಾರೂ ಕಂಡಿರಲಿಲ್ಲ. ಜಟ್ಟಿಂಗಪ್ಪ ಮಾತ್ರ ಬಂದು, ಬಾವನ ತಲೆಗೆ ತಣ್ಣೀರು ತಟ್ಟಿ, ಏನೋ ಹೇಳಲು ಬಾಯಿ ತೆರೆದ. ಆರೆಂಟು ಜನ ಸುತ್ತ ನಿಂತದ್ದನ್ನು ಕಂಡು ಮುಚ್ಚಿದ.

ನುಂಗುವುದರಲ್ಲಿ ಸೋತ ಬೆಳ್ಳಪ್ಪ ಬೇರೆ ದಾರಿ ಹಿಡಿದ. ಜಟ್ಟಿಂಗಪ್ಪನ ಉಂಡೆ ಹಗಲು ಮಾತ್ರ ಇರುತ್ತದೆ ತಾನೆ? ತನ್ನದು ನಿದ್ದೆಯಲ್ಲೂ ಇರಲಿ! ಊಟ ಮುಗಿಸಿ, ಸುಣ್ಣ ಹಚ್ಚಿದ ಹೊಗೆಸೊಪ್ಪನ್ನು ಬಲದವಡೆಗೆ ಒತ್ತಿಕೊಂಡು ಮಲಗಿದರೆ ಬೆಳಗಿನವರೆಗೆ ತೆಗೆಯುತ್ತಿರಲಿಲ್ಲ. ತಲೆದಿಂಬಿನ ಬಟ್ಟೆಯನ್ನು ಒಗೆದು ಒಗೆದು ದುಗ್ಗಮ್ಮನ ಕೈ ಸವೆಯಿತು. ಹೀಗೆ ಇಪ್ಪತ್ತೆರಡು ವರ್ಷ. ಆದರೂ ನಿದ್ದೆಯಲ್ಲಿ ಮಾಡಿದ ಸಾಹಸವನ್ನು ನೋಡುವವರು ಯಾರು? ಊರು ಎಂದಿನಂತೆ ಎಡಗೆನ್ನೆಯನ್ನೇ ಕೊಂಡಾಡುತ್ತಿತ್ತು.

ಪರಿಸ್ಥಿತಿ ಹೀಗಿರುವಾಗ, ಅರವತ್ತೇಳನೆಯ ಇಸವಿಯ ಸುಗ್ಗಿ ಮುಗಿದ ಮೇಲೆ, ಬಸರಿಕೊಪ್ಪದ ಶಾಲೆಯ ಅಂಗಳಕ್ಕೆ ಒಂದು ಜೀಪು ಬಂತು. ಸಾಗರದಿಂದ ಹೊರಟು, ಹೊಸನಗರ ತಾಲ್ಲೂಕಿನ ಊರುಗಳನ್ನೆಲ್ಲ ಮುಗಿಸಿ ಬಂದ ಜೀಪು. ಅದರಿಂದ ಇಳಿದವರು ಇಬ್ಬರು. ಬೆಂಗಳೂರಿನ ಡಾಕ್ಟರ್ ಹೇರಂಬ, ದಪ್ಪ ಕನ್ನಡಕದ ಸಾಧು ಮನುಷ್ಯ. ಮತ್ತು ಸಾಗರದ ನರ್ಸ್ ಮೀನಾಕ್ಷಮ್ಮ, ಬಗಲಲ್ಲಿ ಫಾರಂಗಳ ಕಟ್ಟು. ಊರೂರಿಗೆ ಹೋಗಿ ಜನರ ಬಾಯಿ ನೋಡುವುದು ಅವರ ಕೆಲಸ. ಬಾಯೊಳಗೆ ಕ್ಯಾನ್ಸರ್ ಎಂಬ ಹುಣ್ಣು ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ, ತಪ್ಪು ಅಡಿಕೆಯದೋ ಸುಣ್ಣದ್ದೋ ಹೊಗೆಸೊಪ್ಪಿನದೋ ಎಂದು ಕಂಡುಹಿಡಿಯಬೇಕಿತ್ತು. ಮಾತ್ರೆಯಿಲ್ಲ, ಸೂಜಿಯಿಲ್ಲ, ಬರೀ ನೋಡುವುದು ಎಂದು ತಿಳಿದ ಮೇಲೆ ಊರಿಗೆ ಊರೇ ಬಂದು ಸಾಲುಗಟ್ಟಿತು.

ಫಾರಂ ನಾಲ್ಕು ಪುಟದ್ದು. ಅಡಿಕೆ ಹಸಿಯದೋ ಒಣಗಿದ್ದೋ, ಸುಣ್ಣ ಚಿಪ್ಪಿನದೋ ಕಲ್ಲಿನದೋ, ಹೊಗೆಸೊಪ್ಪು ದಿನಕ್ಕೆ ಎಷ್ಟು ಸಲ, ಯಾವ ದವಡೆ, ಎಷ್ಟು ಹೊತ್ತು, ನಿದ್ದೆಯಲ್ಲೂ ಇರುತ್ತದೋ. ಇದನ್ನು ಕೇಳುತ್ತಿದ್ದಂತೆ ಬೆಳ್ಳಪ್ಪನಿಗೆ ಇಷ್ಟು ವರ್ಷಗಳ ತಪಸ್ಸಿಗೆ ದೇವರು ಪ್ರತ್ಯಕ್ಷನಾದ ಹಾಗಾಯಿತು. ತನ್ನ ಸಾಧನೆಯನ್ನು ಸರ್ಕಾರಿ ಕಾಗದದ ಮೇಲೆ ಬರೆದುಕೊಳ್ಳುವವರು ಬಂದಿದ್ದಾರೆ!

“ದಿನಕ್ಕೆ ಎಷ್ಟು ಸಲ?” ಮೀನಾಕ್ಷಮ್ಮ ಕೇಳಿದಳು.

“ಮೂವತ್ತು ಬರೀರಿ.”

“ಮೂವತ್ತಾ?” ಪಕ್ಕದಲ್ಲಿದ್ದ ದುಗ್ಗಮ್ಮ ಬಾಯಿ ಹಾಕಿದಳು. “ಹತ್ತೋ ಹನ್ನೆರಡೋ ಅಮ್ಮಾ. ಸುಳ್ಳು ಹೇಳ್ಬ್ಯಾಡ್ರಿ, ಅದು ಡಾಕ್ಟ್ರ ಪುಸ್ತಕ.”

“ನೀನು ಲೆಕ್ಕ ಇಟ್ಟೀಯಾ? ನಿದ್ದೇಲೂ ಇರ್ತದೆ ಅಂತ ಬರೀರಿ ಅಮ್ಮ. ದೊಡ್ಡದಾಗಿ ಬರೀರಿ.”

ಮುಂದಿನವನು ಜಟ್ಟಿಂಗಪ್ಪ. ಅವನು ಕೂತದ್ದೇ ತಡ, ಇಡೀ ಸಾಲು ಮುರಿದು ಮೇಜಿನ ಸುತ್ತ ನಿಂತಿತು.

“ದಿನಕ್ಕೆ ಎಷ್ಟು ಸಲ ಹಾಕ್ತೀರಿ?”

ಜಟ್ಟಿಂಗಪ್ಪ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಊರು ಉತ್ತರ ಕೊಟ್ಟಾಗಿತ್ತು.

“ಸಲ ಅಂತ ಇಲ್ಲ ಅಮ್ಮ, ಇಡೀ ದಿನ!”

“ಉಗುಳಲ್ಲ, ನುಂಗ್ತಾನೆ, ಅದನ್ನೂ ಬರೀರಿ!”

“ಎಷ್ಟು ವರ್ಷದಿಂದ?”

“ಮೂವತ್ತು! ಮದುವೆ ಆದಾಗಿಂದ!”

ಜಟ್ಟಿಂಗಪ್ಪ ಮೀನಾಕ್ಷಮ್ಮನ ಪೆನ್ನನ್ನು ನೋಡುತ್ತಾ ಕೂತ. ಪೆನ್ನು ಊರು ಹೇಳಿದ್ದನ್ನೆಲ್ಲ ಬರೆಯಿತು. ಬಸರಿಕೊಪ್ಪದಲ್ಲಿ ಒಬ್ಬನ ಬಗ್ಗೆ ಅವನನ್ನೇ ಕೇಳುವ ಪದ್ಧತಿ ಇರಲಿಲ್ಲ. ಪಾಪ, ಬೆಂಗಳೂರಿನವರಿಗೆ ಅದು ಹೇಗೆ ಗೊತ್ತಾಗಬೇಕು?

“ಬಾಯಿ ತೊಳೆದುಕೊಂಡು ಬನ್ನಿ” ಎಂದರು ಡಾಕ್ಟರು.

ಊರು ಉಸಿರು ಬಿಗಿಹಿಡಿಯಿತು. ಬುರುಜು ಇಳಿಯುವ ದಿನ ಬಂತು! ಜಟ್ಟಿಂಗಪ್ಪ ತಂಬಿಗೆ ಹಿಡಿದು ಶಾಲೆಯ ಹಿಂದಕ್ಕೆ ಒಬ್ಬನೇ ಹೋದ. ನೋಡಲು ಹೊರಟವರನ್ನು ಅವನ ಹೆಂಡತಿ ಗುತ್ಯಮ್ಮ ಅಡ್ಡ ನಿಂತು ತಡೆದಳು. “ಬಾಯಿ ತೊಳೆಯೋದು ನೋಡೋಕೂ ಜಾತ್ರೆ ಮಾಡ್ತೀರಲ್ಲ, ನಾಚಿಕೆ ಇಲ್ದೋರು!” ಅವನು ಹಿಂದಿರುಗಿದಾಗ ಕೆನ್ನೆ ಚಪ್ಪಟೆಯಾಗಿತ್ತು. ಅವನು ಜಟ್ಟಿಂಗಪ್ಪನ ಹಾಗೆ ಕಾಣಲಿಲ್ಲ, ಜಟ್ಟಿಂಗಪ್ಪನನ್ನು ನೋಡಲು ಪರವೂರಿನಿಂದ ಬಂದ ದೂರದ ನೆಂಟನ ಹಾಗೆ ಕಂಡ. ಒಬ್ಬಿಬ್ಬರು ಹೆಂಗಸರು ಸೆರಗು ಸರಿಮಾಡಿಕೊಂಡರು.

ಡಾಕ್ಟರು ಕನ್ನಡಿಯಿಟ್ಟು, ಬ್ಯಾಟರಿ ಬಿಟ್ಟು ಮೊದಲು ಬೆಳ್ಳಪ್ಪನ ಬಾಯಿ ನೋಡಿದರು. ನೋಡುತ್ತಲೇ ಇದ್ದರು. ಬಲಗೆನ್ನೆಯ ಒಳಗೆ, ಸರಿಯಾಗಿ ಉಂಡೆ ಕೂರುವ ಜಾಗದಲ್ಲಿ, ಸುಣ್ಣ ಬಳಿದಂಥ ಒಂದು ಬಿಳಿ ಕಲೆ. ಅದನ್ನು ಅಳೆದರು. ಕ್ಯಾಮೆರಾ ತಂದು ಬಣ್ಣದ ಫೋಟೋ ತೆಗೆದರು. ತಾಲ್ಲೂಕಿನ ಲೆಕ್ಕದಲ್ಲಿ ಇನ್ನೂರ ಹದಿನೇಳು ಎಂದು ನಂಬರು ಬರೆದ ಚೀಟಿ ಕೊಟ್ಟರು. ಆಮೇಲೆ ಜಟ್ಟಿಂಗಪ್ಪನ ಬಾಯಿಗೆ ಬ್ಯಾಟರಿ ಬಿಟ್ಟು, ಎಡ ಬಲ ಮೇಲೆ ಕೆಳಗೆ ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿ, “ಏನೂ ಇಲ್ಲ” ಎಂದರು. ಅವನದು ಇನ್ನೂರ ಹದಿನೆಂಟು. ಫೋಟೋ ಇಲ್ಲ.

ಏನೂ ಇಲ್ಲ! ಈ ಎರಡು ಪದಗಳು ಬೆಳ್ಳಪ್ಪನ ಕಿವಿಗೆ ವಾಲಗದ ಹಾಗೆ ಕೇಳಿಸಿದವು. ಡಾಕ್ಟರು ಅವನನ್ನು ಕೂರಿಸಿಕೊಂಡು, ಇವತ್ತಿನಿಂದಲೇ ಹೊಗೆಸೊಪ್ಪು ಬಿಡಬೇಕು, ಇಂಥ ಕಲೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ, ಮೂರು ತಿಂಗಳಿಗೆ ಮತ್ತೆ ಬಂದು ನೋಡುತ್ತೇನೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಬೆಳ್ಳಪ್ಪ ಪ್ರತಿಯೊಂದಕ್ಕೂ ತಲೆ ಆಡಿಸಿದ. ಅವನ ತಲೆಯೊಳಗೆ ಕ್ಯಾಮೆರಾದ ಟಕ್ ಎಂಬ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಮುಂದಿನ ವಾರಗಳಲ್ಲಿ ಅವನು ನೆಂಟರಿಷ್ಟರ ಮನೆಗಳಿಗೆಲ್ಲ ದಿಗ್ವಿಜಯ ಹೊರಟ. ತೀರ್ಥಹಳ್ಳಿಯಲ್ಲಿ, ಹೊಸನಗರದಲ್ಲಿ, ವರದಮೂಲದಲ್ಲಿದ್ದ ತಂಗಿಯ ಮನೆಯಲ್ಲಿ, ಜಗಲಿ ಸಿಕ್ಕಿದಲ್ಲೆಲ್ಲ ಕೂತು ಬೆರಳಿನಿಂದ ಕೆನ್ನೆಯನ್ನು ಹೊರಗೆಳೆದು ತೋರಿಸಿದ.

“ಕಾಣ್ತದಾ? ಬಣ್ಣದ ಫೋಟೋ ತೆಗೆದಾರೆ. ಬೆಂಗಳೂರಲ್ಲಿ ಐತೆ ಈಗ.”

“ನಿಮ್ಮ ಬಾವಂದು?”

“ಅವಂದಾ?” ಬೆಳ್ಳಪ್ಪ ಕೆನ್ನೆ ಬಿಟ್ಟು, ಮೈಯೆಲ್ಲ ಕನಿಕರ ತುಂಬಿಕೊಂಡು ಹೇಳುತ್ತಿದ್ದ. “ಪಾಪ, ಅವನ ಬಾಯಲ್ಲಿ ಏನೂ ಇಲ್ವಂತೆ.”

ಇದನ್ನು ಕೇಳಿದವರು ಊರಿಗೆ ಬಂದು ಜಟ್ಟಿಂಗಪ್ಪನನ್ನು ಕನಿಕರದಿಂದ ನೋಡಿದ್ದೂ ನಿಜ. ಜೀವಮಾನದಲ್ಲಿ ಮೊದಲ ಬಾರಿಗೆ ಬೆಳ್ಳಪ್ಪನ ಹೊಟ್ಟೆ ತಣ್ಣಗಾಯಿತು. ಗೆಲುವಿನ ಸಂತೋಷಕ್ಕೆ ಹೊಗೆಸೊಪ್ಪು ಇನ್ನೆರಡು ಉಂಡೆ ಹೆಚ್ಚಾಯಿತು.

ತಣ್ಣಗಾಗದವಳು ದುಗ್ಗಮ್ಮ ಒಬ್ಬಳೇ. ಗಂಡ ಬಿಸಿ ಸಾರನ್ನು ಆರಿಸಿ ಆರಿಸಿ ಉಣ್ಣುವುದು ಅವಳಿಗೆ ಕಂಡಿತು. ಉಪ್ಪಿನಕಾಯಿಯನ್ನು ಎಲೆಯ ಅಂಚಿಗೆ ತಳ್ಳುವುದು ಕಂಡಿತು. ದೊಡ್ಡ ತುತ್ತಿಗೆ ಬಾಯಿ ತೆರೆಯಲಾರದೆ ಸಣ್ಣ ತುತ್ತು ಮಾಡುವುದೂ ಕಂಡಿತು. ಒಂದು ಬೆಳಿಗ್ಗೆ ದಿಂಬಿನ ಬಟ್ಟೆಯಲ್ಲಿ ಕಂದು ಕಲೆಯ ಜೊತೆ ಒಂದು ಎಳೆ ಕೆಂಪು ಕಂಡಾಗ ಅವಳು ಒಗೆಯುವ ಕಲ್ಲಿನ ಹತ್ತಿರವೇ ಕೂತುಬಿಟ್ಟಳು. ನೇರ ಅಣ್ಣನ ಮನೆಗೆ ಹೋಗಿ, “ಅಣ್ಣಾ, ನೀನು ಬಿಟ್ರೆ ಅವ್ರೂ ಬಿಡ್ತಾರೆ. ಒಂದು ಸಲ ನಾನು ಬಿಟ್ಟೆ ಅನ್ನು” ಎಂದು ಅತ್ತಳು. ಜಟ್ಟಿಂಗಪ್ಪ ನೆಲ ನೋಡುತ್ತಾ ಕೂತ. ಗುತ್ಯಮ್ಮ ಅವನನ್ನೇ ನೋಡುತ್ತಾ ಕೂತಳು. ಕೆನ್ನೆಯ ಉಬ್ಬು ಎಡದಿಂದ ಬಲಕ್ಕೆ ಹೋಗಿ, ಬಲದಿಂದ ಎಡಕ್ಕೆ ಬಂತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಮೇ ತಿಂಗಳಲ್ಲಿ ಜೀಪು ಮತ್ತೆ ಬಂತು.

ಬೆಳ್ಳಪ್ಪ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ನಂಬರಿನ ಚೀಟಿಯನ್ನು ಜೇಬಿನಲ್ಲಿ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡು, ಎಲ್ಲರಿಗಿಂತ ಮುಂದೆ ನಿಂತಿದ್ದ. ಜೀಪಿನಿಂದ ಇಳಿದ ಡಾಕ್ಟರ್ ಹೇರಂಬರು ಅವನ ಕಡೆ ನಕ್ಕು, ಅವನನ್ನು ದಾಟಿ, “ಇನ್ನೂರ ಹದಿನೆಂಟು ಎಲ್ಲಿ?” ಎಂದು ಕೇಳಿದರು.

ಹದಿನೆಂಟು!

ಜಟ್ಟಿಂಗಪ್ಪನನ್ನು ಕೂರಿಸಿಕೊಂಡು ಡಾಕ್ಟರು ಒಂದು ಗಂಟೆ ಬಿಡಲಿಲ್ಲ. ಅವನು ಮೊದಲಿನಂತೆ ಶಾಲೆಯ ಹಿಂದೆ ಹೋಗಿ ಬಾಯಿ ತೊಳೆದು ಬಂದ ಮೇಲೆ ಬಾಯಿಯ ಫೋಟೋ ತೆಗೆದರು, ಒಂದಲ್ಲ, ಎರಡು. ಎಂಜಲನ್ನು ಒಂದು ಸಣ್ಣ ಸೀಸೆಯಲ್ಲಿ ತುಂಬಿ, ಬಿರಡೆ ಹಾಕಿ, ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟರು. ಯಾವ ನೀರು ಕುಡಿಯುತ್ತಾನೆ, ಯಾವ ಅಕ್ಕಿ ಉಣ್ಣುತ್ತಾನೆ, ತಂದೆ ಎಷ್ಟು ವರ್ಷ ಬದುಕಿದ್ದರು ಎಂದೆಲ್ಲ ಕೇಳಿದರು. ಊರು ಉತ್ತರ ಕೊಟ್ಟಿತು. ಎದ್ದು ಬರುವಾಗ ಜಟ್ಟಿಂಗಪ್ಪನ ಎಡಗೆನ್ನೆ ಮತ್ತೆ ಉಬ್ಬಿತ್ತು.

ಬೆಳ್ಳಪ್ಪನಿಗೆ ತಡೆಯಲಿಲ್ಲ. ಮೀನಾಕ್ಷಮ್ಮನ ಹತ್ತಿರ ಹೋಗಿ, “ಅಮ್ಮಾ, ಅವನ ಬಾಯಲ್ಲಿ ಏನೂ ಇಲ್ಲ ಅಂದಿದ್ರಲ್ಲ?” ಎಂದ.

“ಅದಕ್ಕೇ ಕಣಪ್ಪ” ಎಂದಳು ಮೀನಾಕ್ಷಮ್ಮ. “ಬಿಳಿ ಕಲೆ ಸಾಗರದಲ್ಲಿ ನಲವತ್ತು ಸಿಕ್ಕಿದ್ವು, ಹೊಸನಗರದಲ್ಲಿ ಮೂವತ್ತು. ನಿಂದೂ ಒಂದು. ಮೂವತ್ತು ವರ್ಷ ಹೊಗೆಸೊಪ್ಪು ತಿಂದು ಏನೂ ಇಲ್ದೇ ಇರೋ ಬಾಯಿ ಮೂರು ತಾಲ್ಲೂಕಲ್ಲಿ ಇದೊಂದೇ.”

ನಿಂದೂ ಒಂದು! ಬೆಳ್ಳಪ್ಪನ ಕಣ್ಣೆದುರಿಗೆ ಬೆಂಗಳೂರಿನಲ್ಲಿದ್ದ ಅವನ ಬಣ್ಣದ ಫೋಟೋ ಸಂತೆಯ ಬದನೆಕಾಯಿಯ ರಾಶಿಗೆ ಬಿತ್ತು. ಕಲೆ ಬಂದರೆ ಕಲೆಯವರ ಗುಂಪು. ಬಾರದಿದ್ದರೆ ಮೂರು ತಾಲ್ಲೂಕಿಗೆ ಒಬ್ಬನೇ. ಈ ಬಾವನನ್ನು ಯಾವ ಕಡೆಯಿಂದ ಗೆಲ್ಲುವುದು? ಫಾರಂನಲ್ಲಿ ಎಲೆ, ಅಡಿಕೆ, ಸುಣ್ಣ, ಸೊಪ್ಪು ಎಲ್ಲಕ್ಕೂ ಕಾಲಂ ಇತ್ತು. ಹೊಟ್ಟೆಕಿಚ್ಚು ಎಷ್ಟು ವರ್ಷದಿಂದ ಎಂಬ ಕಾಲಂ ಮಾತ್ರ ಇರಲಿಲ್ಲ. ಇದ್ದಿದ್ದರೆ ಅಲ್ಲಿ ಬೆಳ್ಳಪ್ಪನಿಗೆ ಎದುರಾಳಿಯೇ ಇರುತ್ತಿರಲಿಲ್ಲ.

ಕೊನೆಗೆ ಅವನ ಸರದಿ ಬಂತು. ಬ್ಯಾಟರಿ ಬಿಟ್ಟ ಡಾಕ್ಟರ ಮುಖದ ನಗು ಆರಿತು. ಬಿಳಿ ಕಲೆಯ ನಡುವೆ ಒಂದು ಕೆಂಪು ಹುಣ್ಣು ಎದ್ದಿತ್ತು. ಬೆರಳಿಟ್ಟರೆ ಅಂಚು ಗಟ್ಟಿ.

“ಬೆಳ್ಳಪ್ಪನವರೇ, ಈಗಲೇ ನಮ್ಮ ಜೀಪಿನಲ್ಲಿ ಪೇಟೆಯ ಆಸ್ಪತ್ರೆಗೆ ಬನ್ನಿ. ಒಂದು ಚೂರು ಕತ್ತರಿಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದು ಕ್ಯಾನ್ಸರ್ ಆಗಿರಬಹುದು, ಆಗುವ ದಾರಿಯಲ್ಲಿ ಇರಬಹುದು. ಈಗ ಬಂದರೆ ಪೂರ್ತಿ ತೆಗೆದುಹಾಕುವ ಆಸೆ ಇದೆ. ಮಳೆಗಾಲ ಕಳೆದು ಬಂದರೆ ನಾನು ಯಾವ ಮಾತೂ ಕೊಡಲಾರೆ. ಮತ್ತೆ ಹೊಗೆಸೊಪ್ಪು ಈ ಗಳಿಗೆಗೆ ನಿಲ್ಲಬೇಕು.”

ದುಗ್ಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೆಳ್ಳಪ್ಪ ಜೀಪಿನ ಕಡೆ ಒಂದು ಹೆಜ್ಜೆ ಇಟ್ಟದ್ದು ನಿಜ. ಆದರೆ ಅದೇ ಕ್ಷಣ ಅವನ ಕಣ್ಣು ಹತ್ತಿಯಲ್ಲಿ ಸುತ್ತಿಟ್ಟ ಸೀಸೆಯ ಮೇಲೆ ಬಿತ್ತು.

“ಬರಲ್ಲ” ಎಂದ.

“ಯಾಕಪ್ಪ?”

“ಡಾಕ್ಟ್ರೇ, ನೀವು ಓದಿದೋರು. ನಾನೊಂದು ಕೇಳ್ತೀನಿ, ಹೇಳಿ. ಹೊಗೆಸೊಪ್ಪಿಂದ ಹುಣ್ಣಾಗ್ತದೆ ಅಂತೀರಿ. ನಾನು ಉಗುಳ್ತೀನಿ, ಅವನು ನುಂಗ್ತಾನೆ. ನನ್ನ ಎರಡರಷ್ಟು ತಿಂತಾನೆ. ಅವನ ಬಾಯಿ ತೊಳೆದಿಟ್ಟ ಹಂಡೆ ಹಂಗೆ ಐತೆ. ಅಂದ್ಮೇಲೆ ತಪ್ಪು ಸೊಪ್ಪಿಂದು ಹೆಂಗೆ ಆಗ್ತದೆ? ಹೇಳಿ!”

ಡಾಕ್ಟರ್ ಹೇರಂಬರು ಫಾರಂಗಳ ಕಟ್ಟನ್ನು ನೋಡಿದರು. ಎರಡು ಸಾವಿರ ಬಾಯಿಗಳ ಲೆಕ್ಕ ಅದರಲ್ಲಿತ್ತು. ಸೊಪ್ಪು ಹೆಚ್ಚಿದಷ್ಟೂ ಕಲೆ ಹೆಚ್ಚು. ಯಾವ ಊರಿನಲ್ಲೂ ಆ ಮಾತು ತಪ್ಪಿರಲಿಲ್ಲ, ಈ ಒಂದು ಬಾಯಿಯನ್ನು ಬಿಟ್ಟು. ಸುಳ್ಳು ಹೇಳಲು ಬಾರದ ಮನುಷ್ಯ ಅವರು. “ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ” ಎಂದರು.

“ಹಂಗಾದ್ರೆ ನಾನೂ ಬಿಡಲ್ಲ! ಅವನು ಬಿಟ್ಟ ದಿನ ಬಿಡ್ತೀನಿ. ಅದಕ್ಕೂ ಒಂದು ದಿನ ಮುಂಚೆ ಬಿಡಲ್ಲ!” ಎಂದು ಬೆಳ್ಳಪ್ಪ ಎಲ್ಲರೆದುರಿಗೆ ಸಂಚಿ ಬಿಚ್ಚಿ ಒಂದು ಹೊಸ ಉಂಡೆ ಕಟ್ಟತೊಡಗಿದ. ಜೀವಕ್ಕೆ ಕುತ್ತು ಬಂದದ್ದು ಅವನಿಗೂ ತಿಳಿದಿತ್ತು. ಸೋತು ಬದುಕುವುದು ಹೇಗೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಡಾಕ್ಟರು ಜಟ್ಟಿಂಗಪ್ಪನ ಕಡೆ ತಿರುಗಿದರು. ಈಗ ಅವರ ದನಿಯಲ್ಲಿ ಪರೀಕ್ಷೆಗಿಂತ ಬೇಡಿಕೆ ಹೆಚ್ಚಿತ್ತು. “ನೀವೇ ಹೇಳಿ. ನಿಮ್ಮ ಬಾಯಿ ಯಾಕೆ ಹೀಗಿದೆ? ಏನು ಗುಟ್ಟು?”

“ತುಂಗೆ ನೀರು ಸ್ವಾಮಿ!” ಎಂದಿತು ಗುಂಪಿನ ಒಂದು ದನಿ. “ಕೋಟೆ ಕಾದೋರ ವಂಶ, ರಕ್ತವೇ ಬೇರೆ!” ಎಂದಿತು ಇನ್ನೊಂದು. “ಜೇನುತುಪ್ಪ ತಿಂತಾನೆ, ನಾ ಕಂಡೀನಿ!” ಎಂದಿತು ಮತ್ತೊಂದು.

ಜಟ್ಟಿಂಗಪ್ಪ ತಂಗಿಯನ್ನು ನೋಡಿದ. ಉಂಡೆ ಕಟ್ಟುತ್ತಿದ್ದ ಬಾವನ ಬೆರಳುಗಳನ್ನು ನೋಡಿದ. ಮೂವತ್ತು ವರ್ಷದಿಂದ ತನ್ನನ್ನು ಹೊತ್ತು ಮೆರೆಸಿದ ಊರನ್ನು ಒಂದು ಸುತ್ತು ನೋಡಿದ. ಆಮೇಲೆ ಎರಡು ಬೆರಳನ್ನು ಎಡಗೆನ್ನೆಯೊಳಕ್ಕೆ ಹಾಕಿ, ಅಲ್ಲಿದ್ದದ್ದನ್ನು ತೆಗೆದು, ಡಾಕ್ಟರ ಬಿಳಿ ತಟ್ಟೆಯಲ್ಲಿ ಬಿಟ್ಟ.

ಅದು ಟಣ್ ಎಂದಿತು.

ಹೊಗೆಸೊಪ್ಪು ಟಣ್ ಅನ್ನುವುದಿಲ್ಲ. ಅಷ್ಟು ಊರಿಗೂ ಗೊತ್ತಿತ್ತು. ಎಲ್ಲರೂ ಬಗ್ಗಿ ನೋಡಿದರು. ತಟ್ಟೆಯಲ್ಲಿ ಹೊಳೆಯುತ್ತಿದ್ದದ್ದು ಒಂದು ಸಾಂತಣಿ. ಹಲಸಿನ ಬೀಜವನ್ನು ಉಪ್ಪುನೀರಲ್ಲಿ ಬೇಯಿಸಿ, ಕಲ್ಲಾಗುವವರೆಗೆ ಒಣಗಿಸಿ, ಮಡಕೆಯಲ್ಲಿ ಕಟ್ಟಿಡುವ ಸಾಂತಣಿ. ಹಲ್ಲಿಗೆ ಬಗ್ಗುವುದಿಲ್ಲ. ದವಡೆಯಲ್ಲಿಟ್ಟು ಚೀಪಿದರೆ ಅರ್ಧ ದಿನ ಬರುತ್ತದೆ.

“ಇದೇನು?” ಡಾಕ್ಟರು ಕೇಳಿದರು.

ಉತ್ತರ ಕೊಟ್ಟವಳು ಗುತ್ಯಮ್ಮ. ಮೂವತ್ತು ವರ್ಷ ಕಟ್ಟಿಟ್ಟ ಮಾತು ಒಮ್ಮೆಗೇ ಹೊರಬಿತ್ತು. “ಅದೇ ಸ್ವಾಮಿ ಗುಟ್ಟು! ಮದುವೆ ಮಾರನೇ ದಿನ ನಮ್ಮಪ್ಪ ಮರ್ಯಾದೆಗೆ ಅಂತ ಒಂದು ಎಸಳು ಹೊಗೆಸೊಪ್ಪು ಕೊಟ್ರೆ, ಇವ್ರು ಬಾಯಿಗೆ ಹಾಕಿದ್ದೇ ನಮ್ಮಪ್ಪನ ತೊಡೆ ಮೇಲೇ ಬಿದ್ರು. ನೆಂಟರ ಮುಂದೆ ಮತ್ತೆ ಹಂಗಾಗೋದು ಬ್ಯಾಡ ಅಂತ ನಾನೇ ಒಂದು ಸಾಂತಣಿ ಕೊಟ್ಟು, ಕೆನ್ನೇಲಿ ಇಟ್ಕಳಿ, ಕೇಳಿದೋರಿಗೆ ಹೊಗೆಸೊಪ್ಪು ಅಂದ್ಬಿಡಿ ಅಂದೆ. ಕೇಳಿದೋರು ಯಾರು? ಎಲ್ಲ ತಾವೇ ಹೇಳ್ಕಂಡ್ರು! ಕೊಡಗಟ್ಟಲೆ ನುಂಗ್ತಾನಂತೆ, ಕೊಡ!”

ಮೀನಾಕ್ಷಮ್ಮ ಇನ್ನೂರ ಹದಿನೆಂಟನೆಯ ಫಾರಂ ಹುಡುಕಿ, ಹೊಗೆಸೊಪ್ಪಿನ ಸಾಲನ್ನು ಹೊಡೆದುಹಾಕಿದಳು. ಡಾಕ್ಟರ್ ಹೇರಂಬರ ಎರಡು ಸಾವಿರ ಬಾಯಿಗಳೂ ಒಂದೇ ಮಾತು ಹೇಳತೊಡಗಿದವು. ಅವರು ಬೆಳ್ಳಪ್ಪನ ಮುಂದೆ ಕೈ ಚಾಚಿ, “ಈಗ ಉತ್ತರ ಸಿಕ್ಕಿತಲ್ಲ?” ಎಂದರು.

ಬೆಳ್ಳಪ್ಪನ ಕೈಯಲ್ಲಿ ಉಂಡೆ ಅರ್ಧ ಕಟ್ಟಿದ ಹಾಗೇ ಇತ್ತು. ಅವನು ಅದನ್ನು ನೋಡಿದ. ತಟ್ಟೆಯ ಬೀಜವನ್ನು ನೋಡಿದ. ಕಾಲುವೆಯಲ್ಲಿ ಬಿದ್ದ ದಿನ ನೆನಪಾಯಿತೋ, ತಲೆದಿಂಬು ನೆನಪಾಯಿತೋ, ಉಂಡೆಯನ್ನೂ ಸಂಚಿಯನ್ನೂ ಬೀಜದ ಪಕ್ಕದಲ್ಲಿಟ್ಟು, ಯಾರ ಮುಖವನ್ನೂ ನೋಡದೆ ಹೋಗಿ ಜೀಪಿನಲ್ಲಿ ಕೂತ. ದುಗ್ಗಮ್ಮ ಓಡಿಹೋಗಿ ಹಿಂದೆ ಹತ್ತಿದಳು.

ಕತ್ತರಿಸಿದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು, ಇದು ಕ್ಯಾನ್ಸರೇ, ಆದರೆ ಈಗಷ್ಟೇ ಹೊಸ್ತಿಲು ದಾಟಿದೆ, ಒಳಗೆ ಬೇರು ಇಳಿದಿಲ್ಲ ಎಂದರು. ಬಲಗೆನ್ನೆಯ ಒಳಗಿನಿಂದ ಒಂದು ರೂಪಾಯಿಯಗಲ ತೆಗೆದು, ಹೊಲಿದು, ಎರಡು ತಿಂಗಳ ಮೇಲೆ ಇಟ್ಟುಕೊಂಡು ಕಳುಹಿಸಿದರು. ಬೆಳ್ಳಪ್ಪ ಊರಿಗೆ ಬಂದಾಗ ನೆಟ್ಟಿ ಮುಗಿದಿತ್ತು. ಅವನ ಪಾಲಿನ ಗದ್ದೆಯನ್ನೂ ಯಾರೋ ನೆಟ್ಟಿದ್ದರು. ಯಾರೆಂದು ಕೇಳುವ ಅಗತ್ಯ ಇರಲಿಲ್ಲ.

ಅವನು ಒಂದು ವಿಷಯಕ್ಕೆ ಕಾತರದಿಂದ ಬಂದಿದ್ದ. ಈಗ ಊರು ಜಟ್ಟಿಂಗಪ್ಪನನ್ನು ಹಾಸ್ಯ ಮಾಡುತ್ತಿರಬೇಕು. ಬೀಜದಪ್ಪ ಎಂದೋ ಏನೋ ಹೆಸರಿಟ್ಟಿರಬೇಕು. ಆಸ್ಪತ್ರೆಯ ಹಾಸಿಗೆಯಲ್ಲಿ ನೋವು ಹೆಚ್ಚಾದಾಗೆಲ್ಲ ಈ ಯೋಚನೆಯೇ ಅವನಿಗೆ ಔಷಧಿಯಾಗಿತ್ತು. ಬಂದು ಕೇಳಿದರೆ ಕಥೆ ಬೇರೆಯೇ ಆಗಿತ್ತು.

“ನಮ್ಮಣ್ಣ ದೇವರಂಥೋನು” ಎಂದು ದುಗ್ಗಮ್ಮ ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು. “ಬಾವನ ಜೀವ ಉಳಿಸೋಕೆ ಅಷ್ಟು ಜನರ ಮುಂದೆ ಮರ್ಯಾದೆ ಬಿಟ್ಟ.” ಊರು ಅದನ್ನು ಎತ್ತಿಕೊಂಡಿತ್ತು. ಮೂವತ್ತು ವರ್ಷದ ಕೀರ್ತಿಯನ್ನು ಒಂದು ಟಣ್‌ಗೆ ತ್ಯಾಗ ಮಾಡಿದವನು! ತೀರ್ಥಹಳ್ಳಿಯ ಸಂತೆಗೆ ಮುಟ್ಟುವಾಗ ಆ ಟಣ್ ಎಂಬ ಸದ್ದು ಗುಡ್ಡದ ಮೇಲಿನ ಕೋಟೆಯವರೆಗೆ ಕೇಳಿಸಿತ್ತು.

ಬೆಳ್ಳಪ್ಪನ ಹೊಲಿಗೆ ಹಾಕಿದ ಕೆನ್ನೆ ಚುರುಗುಟ್ಟಿತು. ಸೊಪ್ಪು ಬಿಟ್ಟಾಗಿತ್ತು. ಹೊಟ್ಟೆಕಿಚ್ಚಿಗೆ ಯಾವ ಡಾಕ್ಟರೂ ಕತ್ತರಿ ಹಾಕಿರಲಿಲ್ಲ. ಅವನು ಸೀದಾ ಬಾವನ ಮನೆಗೆ ಹೋದ. ಜಟ್ಟಿಂಗಪ್ಪ ಜಗಲಿಯಲ್ಲಿ ಹೊಸ ಹಲಸಿನ ಬೀಜಗಳ ಸಿಪ್ಪೆ ಬಿಡಿಸುತ್ತಾ ಕೂತಿದ್ದ. ಎರಡೂ ಕೆನ್ನೆ ಚಪ್ಪಟೆ.

“ಬಂದ್ಯಾ ಬಾವ? ಕೂರು. ಕೆನ್ನೆ ಹೆಂಗೈತೆ?”

“ಕೆನ್ನೆ ಇರ್ಲಿ” ಎಂದ ಬೆಳ್ಳಪ್ಪ, ಕೂರದೆ. “ನಿಜ ಹೇಳು. ಅಷ್ಟು ಜನರ ಮುಂದೆ ಬೀಜ ತೆಗೆದು ತೋರಿಸ್ದಲ್ಲ, ಯಾಕೆ? ನನ್ನ ಉಳಿಸಿ ಇನ್ನೂ ದೊಡ್ಡೋನಾಗೋಣ ಅಂತಾನಾ? ಅದರಲ್ಲೂ ನೀನೇ ಗೆಲ್ಬೇಕು ಅಂತಾನಾ? ಈಗ ನೋಡು, ಊರೆಲ್ಲ ನೀನು ದೇವರು ಅಂತಾರೆ.”

ಜಟ್ಟಿಂಗಪ್ಪ ಕೈಯಲ್ಲಿದ್ದ ಬೀಜದ ಸಿಪ್ಪೆಯನ್ನು ಪೂರ್ತಿ ಬಿಡಿ‌ಸಿ ಬುಟ್ಟಿಗೆ ಹಾಕಿದ. ಬಾವನ ಮುಖ ನೋಡಿದ.

“ಎಂತ ದೇವರು ಮಾರಾಯ. ನಾಳೆಗೆ ಕೆನ್ನೇಲಿ ಇಡೋಕೆ ಏನೂ ಇರ್ಲಿಲ್ಲ, ಮಡಕೇಲಿ ಅದೊಂದೇ ಬೀಜ ಉಳಿದಿತ್ತು.”